ಅಣ್ಣನ ಶೂಗಳು ಬಾಗಿಲ ಕಡೆಗೇ ಮುಖ ಮಾಡಿರುತ್ತವೆ

ಅಣ್ಣ ಸೇನೆಯಿಂದ ನಿವೃತ್ತನಾಗಿ ಮನೆಗೆ ಬಂದ ಮೊದಲ ವಾರ ನನ್ನ ಕಣ್ಣಿಗೆ ಬಿದ್ದದ್ದು ಅವನ ಶೂಗಳು. ಮಲಗುವ ಮುಂಚೆ ಮಂಚದ ಪಕ್ಕ ಎರಡನ್ನೂ ಜೋಡಿಸಿ ಇಡುತ್ತಿದ್ದ. ತುದಿ ಬಾಗಿಲ ಕಡೆಗೆ. ಲೇಸು ಸಡಿಲ, ನಾಲಿಗೆ ಮುಂದಕ್ಕೆ ಎಳೆದಿರುತ್ತಿತ್ತು. ಕತ್ತಲಲ್ಲಿ ಕಾಲು ಇಳಿಬಿಟ್ಟರೆ ನೇರವಾಗಿ ಶೂ ಒಳಗೇ ಹೋಗಬೇಕು, ಹಾಗೆ. "ಅಷ್ಟು ಅರ್ಜೆಂಟಾಗಿ ಎಲ್ಲಿಗೆ ಹೋಗ್ಬೇಕಪ್ಪಾ ನೀನು?" ಅಂತ ತಮಾಷೆ ಮಾಡಿದೆ. ನಕ್ಕ. ಆದರೆ ಶೂ ತಿರುಗಿಸಲಿಲ್ಲ.

ಆಗ ಅದನ್ನು ಶಿಸ್ತು ಅಂದುಕೊಂಡಿದ್ದೆ. ಮಿಲಿಟರಿಯವರು ಅಂದ್ರೆ ಹಾಗೇ ಅಲ್ವಾ, ಎಲ್ಲ ನೀಟು. ರಾತ್ರಿ ಒಂದೂವರೆಗೆ ಅವನು ಓಡಾಡುವ ಸದ್ದು ಕೇಳಿದಾಗಲೂ ನೀರು ಕುಡಿಯೋಕೆ ಎದ್ದಿರಬೇಕು ಅಂದುಕೊಂಡೆ. ಒಂದು ದಿನ ಎದ್ದು ಬಂದು ನೋಡಿದೆ. ಮುಂಬಾಗಿಲ ಎದುರು ನಿಂತಿದ್ದ. ಚಿಲಕ ತೆಗೆಯಲಿಲ್ಲ, ಅಲ್ಲಾಡಿಸಲೂ ಇಲ್ಲ. ಮಗುವಿಗೆ ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ ಅಂಗೈಯನ್ನು ಚಿಲಕದ ಮೇಲೆ ಇಟ್ಟು ಸ್ವಲ್ಪ ಹೊತ್ತು ನಿಂತ. ಆಮೇಲೆ ಕಿಟಕಿ. ಪರದೆಯನ್ನು ಒಂದು ಬೆರಳಗಲ ಸರಿಸಿ ಬೀದಿ ನೋಡಿದ. ಆಮೇಲೆ ಹಿಂಬಾಗಿಲು. ಮತ್ತೆ ಮುಂಬಾಗಿಲು. ಹೀಗೆ ಮೂರು ಸುತ್ತು. ನಾನು ಬಂದಿರುವುದು ಅವನಿಗೆ ಮೊದಲೇ ಗೊತ್ತಾಗಿತ್ತು ಅಂತ ಕಾಣುತ್ತೆ, ತಿರುಗಿ ನೋಡದೆಯೇ "ಹೋಗಿ ಮಲ್ಕೋ, ನಾನಿದ್ದೀನಿ" ಅಂದ.

ಡ್ಯೂಟಿಯಲ್ಲಿ ನಾನಿದ್ದೀನಿ ಅಂತ ಅದರ ಅರ್ಥ. ಅದು ನನಗೆ ಹೊಳೆಯೋಕೆ ಆರು ತಿಂಗಳು ಹಿಡಿಯಿತು.

ಇದನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಸೈನಿಕರ ಮನಸ್ಸಿನ ಬಗ್ಗೆ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ: "ಯುದ್ಧ ನೋಡಿದ್ದಾರಾ?" ಯುದ್ಧ ನೋಡಿದ್ದರೆ ಅಯ್ಯೋ ಪಾಪ. ನೋಡಿಲ್ಲ ಅಂದರೆ ಇನ್ನೇನು ತೊಂದರೆ ಇವರಿಗೆ, ಸುಮ್ನೆ ನಾಟಕ. ಇದಕ್ಕಿಂತ ಕೆಟ್ಟ ಪ್ರಶ್ನೆಯೂ ಇದೆ, "ಎಷ್ಟು ಜನರನ್ನ ಹೊಡೆದಿದ್ದೀರಾ?" ಅನ್ನೋದು. ಮಕ್ಕಳು ಕೇಳಿದರೆ ಬಿಡಿ. ತಲೆ ನರೆತವರೂ ಕೇಳುತ್ತಾರೆ, ಅದೂ ಬಾಯ್ತುಂಬ ನಗುತ್ತಾ.

ನನಗೆ ಅರ್ಥವಾದದ್ದು ಬೇರೆ. ಒಬ್ಬ ಹದಿನೆಂಟು-ಇಪ್ಪತ್ತು ವರ್ಷದ ಹುಡುಗನನ್ನು ಕರೆದುಕೊಂಡು ಹೋಗಿ, ತಿಂಗಳುಗಟ್ಟಲೆ ತಾಲೀಮು ಕೊಟ್ಟು, ಸದ್ದಿಗೆ ಮೊದಲು ಮೈ ಓಡಬೇಕು, ಯೋಚನೆ ಆಮೇಲೆ ಅಂತ ಕಲಿಸುತ್ತಾರೆ. ಕಲಿಸಲೇಬೇಕು, ಇಲ್ಲದಿದ್ದರೆ ಅವನು ಬದುಕುವುದಿಲ್ಲ. ಆಮೇಲೆ ವರ್ಷಗಟ್ಟಲೆ ಅದನ್ನೇ ದಿನವೂ ಮಾಡಿಸುತ್ತಾರೆ. ಕೊನೆಗೊಂದು ದಿನ ಕೈಗೆ ಕಾಗದ ಕೊಟ್ಟು ಮನೆಗೆ ಹೋಗಪ್ಪ ಅನ್ನುತ್ತಾರೆ. ಕಲಿಸಿದ್ದನ್ನು ಮರೆಸುವ ತಾಲೀಮು ಮಾತ್ರ ಎಲ್ಲೂ ಇಲ್ಲ. ತಲೆಗೆ ಗೊತ್ತು, ಈಗ ಮನೆಯಲ್ಲಿದ್ದೇನೆ ಅಂತ. ಮೈಗೆ ಗೊತ್ತಿಲ್ಲ.

ಒಂದು ಸಲ ಸೂಪರ್‌ಮಾರ್ಕೆಟ್‌ಗೆ ಹೋಗಿದ್ದೆವು. ಬಿಲ್ಲಿಂಗ್ ಸಾಲು ಉದ್ದ ಇತ್ತು. ಹಿಂದೆ ನಿಂತಿದ್ದವನು ಫೋನ್ ನೋಡುತ್ತಾ ನೋಡುತ್ತಾ ಅಣ್ಣನ ಬೆನ್ನಿಗೆ ಅಂಟಿಕೊಂಡಂತೆ ಬಂದ. ಅಣ್ಣ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅವನೂ ಸರಿದ. ಅಣ್ಣನ ಕಿವಿಯ ಹಿಂದೆ ಬೆವರು ಇಳಿಯುವುದು ನನಗೆ ಕಾಣಿಸಿತು, ಎಸಿ ಇದ್ದರೂ. ತುಂಬಿದ ಬುಟ್ಟಿಯನ್ನು ನೆಲದ ಮೇಲಿಟ್ಟು ಹೊರಗೆ ನಡೆದುಬಿಟ್ಟ. ಒಂದು ಮಾತಿಲ್ಲ. ನಾನು ದುಡ್ಡು ಕೊಟ್ಟು ಬಂದಾಗ ಕಾರಿನಲ್ಲಿ ಕೂತಿದ್ದ. ಇಂಜಿನ್ ಆನ್ ಇತ್ತು, ಎರಡೂ ಕೈ ಸ್ಟೀರಿಂಗ್ ಮೇಲಿದ್ದವು, ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು. "ಸಾರಿ ಕಣೇ" ಅಂದ. ಮನೆಗೆ ಬರುವವರೆಗೂ ಅದೊಂದೇ ಮಾತು.

ಇದಕ್ಕೆ ಹೆಸರಿದೆ ಅಂತ ಹುಡುಕಿದ ಮೇಲೆ ಗೊತ್ತಾಯಿತು. ಪಿಟಿಎಸ್‌ಡಿ, ಅಂದರೆ ದೊಡ್ಡ ಆಘಾತದ ನಂತರ ಉಳಿದುಬಿಡುವ ಮನಸ್ಸಿನ ಕಾಯಿಲೆ. ನಡೆದದ್ದು ಬೇಡವಾದರೂ ಮರಳಿ ಮರಳಿ ಬರುವುದು, ಕನಸಾಗಿ, ಎಚ್ಚರದಲ್ಲೂ. ಅದನ್ನು ನೆನಪಿಸುವ ಜಾಗ, ಜನ, ಮಾತು ಎಲ್ಲದರಿಂದ ತಪ್ಪಿಸಿಕೊಳ್ಳುವುದು. ಯಾವುದರಲ್ಲೂ ಖುಷಿ ಇಲ್ಲ, ಎಲ್ಲ ನನ್ನಿಂದಲೇ ಅನ್ನುವ ಯೋಚನೆ. ಮೈ ಯಾವಾಗಲೂ ಎಚ್ಚರ. ಇದು ಒಂದು ತಿಂಗಳಿಗಿಂತ ಜಾಸ್ತಿ ನಡೆದು ದಿನದ ಬದುಕಿಗೆ ಅಡ್ಡ ಬಂದರೆ ಆಗ ಆ ಹೆಸರು. ಕೆಲವರಿಗೆ ತಕ್ಷಣ ಶುರುವಾಗುವುದಿಲ್ಲ. ತಿಂಗಳು, ವರ್ಷ ಕಳೆದು ಬರುತ್ತದೆ. ಅಣ್ಣನಿಗೂ ಕೆಲಸದಲ್ಲಿ ಇರುವವರೆಗೆ ಹೊರಗೆ ಏನೂ ಕಂಡಿರಲಿಲ್ಲ. ಅಲ್ಲಿ ಎಲ್ಲರೂ ಹಾಗೇ ಇರುತ್ತಾರಲ್ಲ, ಯಾರಿಗೆ ಕಾಣಬೇಕು?

ಈ ಹೆಸರು ಅಧಿಕೃತವಾಗಿ ಬಂದದ್ದು 1980ರಲ್ಲಿ, ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ, ವಿಯೆಟ್ನಾಂ ಯುದ್ಧದಿಂದ ಬಂದವರು ಮತ್ತು ಅವರ ಜೊತೆ ನಿಂತ ಡಾಕ್ಟರುಗಳು ಹಟ ಹಿಡಿದ ಮೇಲೆ. ಆದರೆ ಕಾಯಿಲೆ ಹಳೆಯದು. 1688ರಲ್ಲೇ ಯೊಹಾನ್ನೆಸ್ ಹೋಫರ್ ಅನ್ನುವ ಸ್ವಿಸ್ ವೈದ್ಯ, ಮನೆ ಬಿಟ್ಟು ದೂರ ಹೋದವರು ಕೊರಗಿ ಕೊರಗಿ ಸೊರಗುವುದಕ್ಕೆ ನಾಸ್ಟಾಲ್ಜಿಯಾ ಅಂತ ಹೆಸರಿಟ್ಟ. ಆಮೇಲೆ ಬಹಳ ಕಾಲ ಸೈನ್ಯದ ಡಾಕ್ಟರುಗಳು ಅದನ್ನು ಸೈನಿಕರ ಕಾಯಿಲೆಯಾಗಿಯೇ ನೋಡಿದರು. ಇವತ್ತು ನಾವು ಹಳೇ ಫೋಟೋ ನೋಡಿ ಹೇಳುವ ನಾಸ್ಟಾಲ್ಜಿಯಾ ಇದೇ! ಅಮೆರಿಕದ ಅಂತರ್ಯುದ್ಧದ ನಂತರ, 1871ರಲ್ಲಿ, ಜೇಕಬ್ ಡ ಕೋಸ್ಟಾ ಅನ್ನುವ ಡಾಕ್ಟರು ಎದೆ ಡವಡವ, ಉಬ್ಬಸ, ಸುಸ್ತು ಅಂತ ಬಂದ ಸೈನಿಕರ ಬಗ್ಗೆ ಬರೆದರು. ಅವರು ಅದನ್ನು ಹೃದಯದ ತೊಂದರೆ ಅಂತಲೇ ತಿಳಿದಿದ್ದರು. ಮೊದಲ ಮಹಾಯುದ್ಧದಲ್ಲಿ ಅದು ಶೆಲ್ ಶಾಕ್ ಆಯಿತು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಅದರ ಬಗ್ಗೆ ವೈದ್ಯ ಪತ್ರಿಕೆಯಲ್ಲಿ ಬರೆದರು. ಶೆಲ್, ಅಂದರೆ ಫಿರಂಗಿ ಗುಂಡು, ಸಿಡಿದಾಗ ಮಿದುಳು ಅದುರಿ ಹೀಗಾಗುತ್ತೆ ಅಂತ ಮೊದಲು ಅಂದುಕೊಂಡರು. ಶೆಲ್ ಹತ್ತಿರವೇ ಸುಳಿಯದವರಿಗೂ ಹಾಗೇ ಆಗತೊಡಗಿದಾಗ ಎಲ್ಲರಿಗೂ ಗೊಂದಲ. ಕೊನೆಗೆ 1917ರಲ್ಲಿ ಬ್ರಿಟಿಷ್ ಸೇನೆ ಏನು ಮಾಡಿತು ಗೊತ್ತಾ? ವರದಿಗಳಲ್ಲಿ ಆ ಪದ ಬಳಸಬೇಡಿ, "ನರದ ತೊಂದರೆ, ಏನೆಂದು ಇನ್ನೂ ಗೊತ್ತಾಗಿಲ್ಲ" ಅಂತ ಬರೆಯಿರಿ ಅಂತ ಹೇಳಿತು. ಪದ ಹೋದರೆ ರೋಗಿಗಳೂ ಹೋಗುತ್ತಾರೆ ಅನ್ನುವ ಆಸೆ.

ಅದೇ ಯುದ್ಧದಲ್ಲಿ ಓಡಿಹೋದರು, ಹೇಡಿಗಳು ಮುಂತಾದ ಆರೋಪದ ಮೇಲೆ ಬ್ರಿಟನ್ ತನ್ನ ಮತ್ತು ತನ್ನ ಸಾಮ್ರಾಜ್ಯದ 306 ಸೈನಿಕರನ್ನು ಗುಂಡಿಟ್ಟು ಕೊಂದಿತು. ಅವರಲ್ಲಿ ಎಷ್ಟೋ ಜನ ಇದೇ ಕಾಯಿಲೆಯವರು ಅಂತ ಆಮೇಲೆ ಮಾತಾಯಿತು. ಕ್ಷಮೆ ಸಿಕ್ಕಿದ್ದು 2006ರಲ್ಲಿ. ತೊಂಬತ್ತು ವರ್ಷದ ಹತ್ತಿರ. ಎರಡನೇ ಯುದ್ಧದಲ್ಲಿ ಅಮೆರಿಕದ ಜನರಲ್ ಪ್ಯಾಟನ್ ಸಿಸಿಲಿಯ ಆಸ್ಪತ್ರೆ ಡೇರೆಗಳಲ್ಲಿ ಇಂಥ ಇಬ್ಬರು ಸೈನಿಕರ ಕೆನ್ನೆಗೆ ಹೊಡೆದ. ಅದು 1943ರ ಆಗಸ್ಟ್. ಮೇಲಿನವರು ಅವನಿಂದ ಕ್ಷಮೆ ಕೇಳಿಸಿದರು ಅನ್ನುವುದು ಒಂದು ಸಮಾಧಾನ. ಆದರೆ ಆ ಪೆಟ್ಟಿನ ಹಿಂದಿನ ಯೋಚನೆ ಇನ್ನೂ ಸತ್ತಿಲ್ಲ. ನಮ್ಮ ಸಂಬಂಧಿಕರೊಬ್ಬರು ಅಣ್ಣನ ಎದುರೇ "ಗಂಡಸಾಗಿ ನಿದ್ದೆ ಬರಲ್ಲ ಅಂತೀಯಲ್ಲೋ" ಅಂದಿದ್ದಾರೆ. ಕೈ ಎತ್ತಲಿಲ್ಲ, ಅಷ್ಟೇ ವ್ಯತ್ಯಾಸ.

ಧೈರ್ಯ ಇದ್ದವರಿಗೆ ಹೀಗಾಗಲ್ಲ ಅನ್ನುವವರಿಗೆ ಒಂದು ವಿಷಯ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಏಪಲ್ ಮತ್ತು ಬೀಬ್ ಅನ್ನುವ ಇಬ್ಬರು ಸಂಶೋಧಕರು ಅಮೆರಿಕದ ಕಾಲಾಳುಗಳ ಲೆಕ್ಕ ಹಾಕಿದರು. ಗಾಯವಾಗದೆ, ಸಾಯದೆ ಉಳಿದ ಸಾಮಾನ್ಯ ಸೈನಿಕ ಸುಮಾರು 200ರಿಂದ 240 ಕಾಳಗದ ದಿನಗಳಿಗೆ ಸವೆದುಹೋಗುತ್ತಾನೆ ಅಂತ ಕಂಡಿತು. ಕಾಳಗ ರೂಢಿಯಾಗುವುದು ಅಂತ ಇಲ್ಲವೇ ಇಲ್ಲ ಅನ್ನುವುದು ಅವರ ಮಾತಿನ ಸಾರ. ಬ್ರಿಟಿಷರು ತಮ್ಮವರನ್ನು ಆಗಾಗ ಹಿಂದಕ್ಕೆ ಕರೆಸಿ ಕೆಲವು ದಿನ ವಿಶ್ರಾಂತಿ ಕೊಡುತ್ತಿದ್ದುದರಿಂದ ಅವರು ಹೆಚ್ಚು ಕಾಲ ತಡೆದರು ಅಂತಲೂ ಬರೆದಿದ್ದಾರೆ. ಯಾರು ಸವೆಯುತ್ತಾರೆ ಅನ್ನೋದಲ್ಲ, ಯಾವಾಗ ಅನ್ನೋದು ಮಾತ್ರ ಪ್ರಶ್ನೆ. ಟೈರಿನ ಹಾಗೆ. ಟೈರಿಗೆ ಯಾರೂ ಹೇಡಿ ಅನ್ನಲ್ಲ.

ಈಗ ನನ್ನನ್ನು ಬಹಳ ಕಾಡಿದ ವಿಷಯಕ್ಕೆ ಬರ್ತೀನಿ. ರಜೆ.

ಅಣ್ಣ ಕೆಲಸದಲ್ಲಿದ್ದಾಗ ರಜೆಗೆ ಬಂದರೆ ಮೊದಲ ಹತ್ತು ದಿನ ಮಂಕಾಗಿರುತ್ತಿದ್ದ. ಮಾತಿಲ್ಲ, ಚಿಕ್ಕದಕ್ಕೂ ಸಿಡಿಮಿಡಿ. ಮಗ ಹಾದಿಯಲ್ಲಿ ಚಪ್ಪಲಿ ಬಿಟ್ಟಿದ್ದಕ್ಕೆ ಒಮ್ಮೆ ಮನೆ ಹಾರಿಹೋಗುವ ಹಾಗೆ ಕೂಗಾಡಿದ್ದ. ಕತ್ತಲಲ್ಲಿ ಯಾರಾದರೂ ಎಡವಿದರೆ ಎಲ್ಲರೂ ಹೋದಂಗೆ, ಅದು ಅವನ ಲೆಕ್ಕ. ಮಗುವಿಗೆ ಅದು ಹೇಗೆ ಗೊತ್ತಾಗಬೇಕು? ಆದರೆ ರಜೆ ಮುಗಿಯೋಕೆ ಮೂರು ದಿನ ಇದೆ ಅನ್ನುವಾಗ ಅಣ್ಣ ಇದ್ದಕ್ಕಿದ್ದಂತೆ ಸರಿಹೋಗುತ್ತಿದ್ದ. ಹಾಡು, ತಮಾಷೆ, ಮಗನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದು. ನಾವೆಲ್ಲ "ಪಾಪ, ಹೋಗಬೇಕಲ್ಲ ಅಂತ ಪ್ರೀತಿ ಉಕ್ಕಿದೆ" ಅಂದುಕೊಳ್ಳುತ್ತಿದ್ದೆವು. ಅತ್ತಿಗೆ ಮಾತ್ರ ಸುಮ್ಮನಿರುತ್ತಿದ್ದರು. ವರ್ಷಗಳ ಮೇಲೆ ಒಂದು ದಿನ ಹೇಳಿದರು: "ನಮ್ಮನ್ನ ಬಿಟ್ಟು ಹೋಗ್ತಿದ್ದಾರೆ ಅಂತ ಅಲ್ಲ ಕಣೇ, ಅವರಿಗೆ ಗೊತ್ತಿರೋ ಜಾಗಕ್ಕೆ ವಾಪಸ್ ಹೋಗ್ತಿದ್ದಾರೆ ಅಂತ ಆ ಖುಷಿ. ನನಗೆ ಮೊದಲನೇ ಸಲಕ್ಕೇ ತಿಳೀತು."

ನಿವೃತ್ತಿಯ ನಂತರ ಆ ಕೊನೆಯ ಮೂರು ದಿನ ಬರಲೇ ಇಲ್ಲ. ಮೊದಲ ಹತ್ತು ದಿನವೇ ಮುಂದುವರಿಯಿತು.

ಸೈನಿಕ ಮನೆಗೆ ಹೇಗೆ ಬರುತ್ತಾನೆ ಅನ್ನುವುದು ನಾವು ಅಂದುಕೊಂಡಿರುವುದಕ್ಕಿಂತ ದೊಡ್ಡ ವಿಷಯ. ಎರಡನೇ ಮಹಾಯುದ್ಧ ಮುಗಿಸಿದ ಎಷ್ಟೋ ಜನ ಹಡಗಿನಲ್ಲಿ ಬಂದರು, ಜೊತೆಯವರ ಜೊತೆಗೇ, ದಿನಗಟ್ಟಲೆ ಸಮುದ್ರದ ಮೇಲೆ. ಅಳೋದು, ಜಗಳ, ಸತ್ತವರ ಮಾತು, ಏನಿದ್ದರೂ ಅರ್ಥವಾಗುವವರ ನಡುವೆ. ವಿಯೆಟ್ನಾಂನಲ್ಲಿ ಒಬ್ಬೊಬ್ಬರಿಗೂ ಸುಮಾರು ಒಂದು ವರ್ಷದ ಪಾಳಿ. ಅವನ ದಿನ ಮುಗಿದರೆ ಒಬ್ಬನೇ ವಿಮಾನ ಹತ್ತಿ, ಒಂದೆರಡು ದಿನದಲ್ಲಿ ಕಾಡಿನಿಂದ ಸೀದಾ ಮನೆಯ ಹಾಲಿಗೆ. 1980ರ ದಶಕದ ದೊಡ್ಡ ಸಮೀಕ್ಷೆಯಲ್ಲಿ ಅಲ್ಲಿಗೆ ಹೋಗಿಬಂದ ಗಂಡಸರಲ್ಲಿ ಸುಮಾರು ನೂರಕ್ಕೆ 15 ಜನಕ್ಕೆ ಆಗಲೂ ಪಿಟಿಎಸ್‌ಡಿ ಇತ್ತು, ಬದುಕಿನಲ್ಲಿ ಯಾವಾಗಲಾದರೂ ಬಂದಿದ್ದವರು ಸುಮಾರು 30. ಎಲ್ಲ ವಿಮಾನದ ತಪ್ಪು ಅಂತ ಅಲ್ಲ. ಬಂದ ಮೇಲೆ ಊರವರು ಮುಖ ತಿರುಗಿಸಿದ್ದೂ ಇತ್ತು. ಆದರೂ ಸೇನೆಗಳೇ ಇದನ್ನು ಆಮೇಲೆ ಒಪ್ಪಿಕೊಂಡವು. 2002ರಲ್ಲಿ ಅಫ್ಘಾನಿಸ್ತಾನದಿಂದ ಹೊರಟ ಕೆನಡಾದ ಸೈನಿಕರನ್ನು ನೇರ ಮನೆಗೆ ಕಳಿಸದೆ ಗುವಾಮ್ ದ್ವೀಪದಲ್ಲಿ ಕೆಲವು ದಿನ ಇಳಿಸಿದರು. ಬ್ರಿಟಿಷರು ತಮ್ಮವರನ್ನು ಸೈಪ್ರಸ್‌ನಲ್ಲಿ ಒಂದು-ಒಂದೂವರೆ ದಿನ ನಿಲ್ಲಿಸುತ್ತಿದ್ದರು. ಈಜು, ನಿದ್ದೆ, ಒಂದಿಷ್ಟು ಮಾತು. ಒಂದೂವರೆ ದಿನ ಏನು ಮಹಾ ಅನಿಸುತ್ತೆ. ಸೊನ್ನೆಗಿಂತ ಎಷ್ಟೋ ಮೇಲು.

ಇನ್ನು ಯುದ್ಧ ನೋಡಿದ್ದಾರಾ ಅನ್ನುವ ಪ್ರಶ್ನೆ. ಅಣ್ಣನ ನಿದ್ದೆ ಕೆಡಿಸಿದ್ದು ಯಾವ ಗುಂಡಿನ ಕಾಳಗವೂ ಅಲ್ಲ. ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಒಂದು ಚೆಕ್‌ಪೋಸ್ಟ್. ಸಂಜೆ. ದೂರದಿಂದ ಒಂದು ಕಾರು ಬಂತು. ಕೈ ತೋರಿಸಿದರು, ನಿಲ್ಲಲಿಲ್ಲ. ಕೂಗಿದರು, ನಿಲ್ಲಲಿಲ್ಲ. ಅಲ್ಲಿನ ನಿಯಮದ ಪ್ರಕಾರ ಇಂತಿಷ್ಟು ದೂರ ದಾಟಿದರೆ ಗುಂಡು ಹಾರಿಸಬೇಕು. ಅಣ್ಣ ಗುರಿ ಇಟ್ಟಾಗಿತ್ತು, ಬೆರಳು ಬಿಗಿಯಾಗಿತ್ತು. ಆಗ ಕಾರು ಗಕ್ಕನೆ ನಿಂತಿತು. ಡ್ರೈವರ್ ಒಬ್ಬ ಮುದುಕ, ಎದುರು ಬಿಸಿಲಿಗೆ ಕಣ್ಣು ಕಾಣುತ್ತಿರಲಿಲ್ಲ ಅಷ್ಟೇ. ಹಿಂದಿನ ಸೀಟಿನಲ್ಲಿ ಆರೇಳು ವರ್ಷದ ಹುಡುಗಿ, ಎರಡು ಸೀಟುಗಳ ನಡುವೆ ತಲೆ ತೂರಿಸಿ ಇವನನ್ನೇ ನೋಡುತ್ತಿದ್ದಳು.

ಅಷ್ಟೇ. ಏನೂ ಆಗಲಿಲ್ಲ. ಕಾಗದ ನೋಡಿ ಬಿಟ್ಟರು, ಕಾರು ಹೋಯಿತು.

ಆ ಹುಡುಗಿ ಹತ್ತು ವರ್ಷದಿಂದ ಅಣ್ಣನ ಕನಸಿಗೆ ಬರುತ್ತಾಳೆ. ಕನಸಿನಲ್ಲಿ ಕಾರು ನಿಲ್ಲುವುದಿಲ್ಲ. "ಏನೂ ಆಗಲಿಲ್ಲವಲ್ಲ ಅಣ್ಣ" ಅಂತ ನಾನು ದಡ್ಡಿಯ ಹಾಗೆ ಸಮಾಧಾನ ಮಾಡಿದೆ. "ಅವಳು ಉಳಿದದ್ದು ನನ್ನಿಂದ ಅಲ್ಲ ಕಣೇ, ಆ ಮುದುಕ ಬ್ರೇಕ್ ಹಾಕಿದ್ದರಿಂದ. ನಾನು ಆಗಲೇ ಒತ್ತೋನಿದ್ದೆ" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಇದು ಭಯವಲ್ಲ, ನೋಡಿ. ಜೊನಾಥನ್ ಶೇ ಅನ್ನುವ ಅಮೆರಿಕದ ಮನೋವೈದ್ಯರು ವಿಯೆಟ್ನಾಂನವರ ಜೊತೆ ವರ್ಷಗಟ್ಟಲೆ ಕೂತು ಇದಕ್ಕೆ ಮಾರಲ್ ಇಂಜುರಿ ಅಂತ ಹೆಸರು ಕೊಟ್ಟರು, ಮನಸ್ಸಾಕ್ಷಿಗೆ ಬಿದ್ದ ಗಾಯ. ತಾನು ಮಾಡಿದ್ದು, ಮಾಡದೆ ಬಿಟ್ಟದ್ದು, ಮೇಲಿನವರು ಮಾಡಿಸಿದ್ದು, ಸುಮ್ಮನೆ ನೋಡುತ್ತಾ ನಿಂತದ್ದು. ಸಾವಿರಾರು ಮೈಲಿ ದೂರದ ಕೋಣೆಯಲ್ಲಿ ಕೂತು ಡ್ರೋನ್ ಹಾರಿಸುವವರಿಗೇನು ಅಪಾಯ ಅಂತ ಕೇಳಬಹುದು. 2013ರಲ್ಲಿ ಅಮೆರಿಕದ ಸೇನೆಯ ಆರೋಗ್ಯ ಇಲಾಖೆಯವರೇ ಲೆಕ್ಕ ನೋಡಿದಾಗ, ಡ್ರೋನ್ ಪೈಲಟ್‌ಗಳಲ್ಲಿ ಮಾನಸಿಕ ತೊಂದರೆಯ ಪ್ರಮಾಣ ನಿಜವಾದ ವಿಮಾನದಲ್ಲಿ ಯುದ್ಧಕ್ಕೆ ಹೋದ ಪೈಲಟ್‌ಗಳಷ್ಟೇ ಇತ್ತು. ಕ್ಯಾಮೆರಾದಲ್ಲಿ ಎಲ್ಲ ನೋಡಿ, ಶಿಫ್ಟ್ ಮುಗಿಸಿ, ಕಾರು ಓಡಿಸಿಕೊಂಡು ಸಂಜೆ ಮಕ್ಕಳ ಹೋಂವರ್ಕ್‌ಗೆ ಕೂರಬೇಕು. ಹಡಗೂ ಇಲ್ಲ, ವಿಮಾನವೂ ಇಲ್ಲ.

ಒಂದು ಕಷ್ಟದ ಮಾತು, ಹೇಳದೆ ಹೋಗೋಕೆ ಆಗಲ್ಲ. ಬ್ರೌನ್ ವಿಶ್ವವಿದ್ಯಾಲಯದ 2021ರ ಅಂದಾಜಿನ ಪ್ರಕಾರ 2001ರ ನಂತರದ ಯುದ್ಧಗಳ ಕಾಲದಲ್ಲಿ ಸೇವೆ ಮಾಡಿದ ಅಮೆರಿಕದ ಸೈನಿಕರು ಮತ್ತು ಮಾಜಿ ಸೈನಿಕರಲ್ಲಿ 30,177 ಜನ ತಮ್ಮ ಪ್ರಾಣ ತಾವೇ ಕಳೆದುಕೊಂಡಿದ್ದಾರೆ. ಅದೇ ಯುದ್ಧಗಳ ಕಾರ್ಯಾಚರಣೆಯಲ್ಲಿ ಸತ್ತವರು 7,057. ನಾನು ಈ ಎರಡು ಅಂಕಿಗಳನ್ನು ಓದಿದ ರಾತ್ರಿ ಅಣ್ಣನ ಕೋಣೆಯ ಹೊರಗೆ ಕೂತಿದ್ದೆ. ಆಮೇಲೆ ಧೈರ್ಯ ಮಾಡಿ ನೇರವಾಗಿ ಕೇಳಿದೆ, "ಸಾಯಬೇಕು ಅಂತ ಯೋಚನೆ ಬರುತ್ತಾ?" ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಆಗುತ್ತೆ ಅಂತ ಎಲ್ಲರೂ ಹೆದರಿಸುತ್ತಾರೆ. ಅದು ಸುಳ್ಳು, ಕೇಳುವುದರಿಂದ ಯಾರಿಗೂ ಆ ಯೋಚನೆ ಹುಟ್ಟುವುದಿಲ್ಲ. ಅಣ್ಣ ತುಂಬ ಹೊತ್ತು ಗೋಡೆ ನೋಡಿ "ಒಂದೆರಡು ಸಲ" ಅಂದ. ಅವತ್ತೇ ಅತ್ತಿಗೆ ಅವನ ಲೈಸೆನ್ಸ್ ಬಂದೂಕನ್ನು ಮನೆಯಿಂದ ಹೊರಗೆ ಸಾಗಿಸುವ ಏರ್ಪಾಡು ಮಾಡಿದರು, ಅವನ ಕೈಯಿಂದಲೇ ಕೊಡಿಸಿ. ಇದು ಸಣ್ಣ ಕೆಲಸ ಅನ್ನಬೇಡಿ. ಇಸ್ರೇಲಿನ ಸೇನೆಯಲ್ಲಿ 2006ರಲ್ಲಿ ಸೈನಿಕರು ವಾರಾಂತ್ಯಕ್ಕೆ ಮನೆಗೆ ಹೋಗುವಾಗ ಬಂದೂಕು ಒಯ್ಯುವುದನ್ನು ಕಡಿಮೆ ಮಾಡಿದರು. ಆತ್ಮಹತ್ಯೆ ಶೇ 40ರಷ್ಟು ಇಳಿಯಿತು. ಆ ಕೆಟ್ಟ ಗಳಿಗೆ ಸಾಮಾನ್ಯವಾಗಿ ಚಿಕ್ಕದು. ಅದು ದಾಟುವವರೆಗೆ ಕೈಗೆ ಏನೂ ಸಿಗಬಾರದು, ಅಷ್ಟೇ.

ಚಿಕಿತ್ಸೆ ಶುರುವಾದದ್ದು ಆಮೇಲೆ. ಮೊದಲು ಹೋದ ಡಾಕ್ಟರು ಐದು ನಿಮಿಷದಲ್ಲಿ ನಿದ್ದೆ ಮಾತ್ರೆ ಬರೆದು "ಯೋಗ ಮಾಡಿ" ಅಂದರು. ಅಣ್ಣ ಮತ್ತೆ ಎಲ್ಲಿಗೂ ಬರಲ್ಲ ಅಂತ ಕೂತುಬಿಟ್ಟ. ನಾಲ್ಕು ತಿಂಗಳು ಹಾಳಾಯಿತು. ಅವನನ್ನು ಕೊನೆಗೂ ಹೊರಡಿಸಿದ್ದು ನಾವಲ್ಲ, ಅವನದೇ ಯೂನಿಟ್ಟಿನ ಹಳೆಯ ಗೆಳೆಯ. ಫೋನಿನಲ್ಲಿ "ನಾನು ಹೋಗಿದ್ದೆ ಕಣೋ, ನೀನೂ ಹೋಗು" ಅಂದ, ಅಷ್ಟೇ. ಮನೆಯವರ ನೂರು ಮಾತಿಗಿಂತ ಅದು ತೂಕದ್ದು.

ಎರಡನೇ ಜಾಗದಲ್ಲಿ ಸಿಕ್ಕಿದ್ದು ನಿಜವಾದ ಥೆರಪಿ, ಎಡ್ನಾ ಫೋವಾ ಅನ್ನುವವರು ಬೆಳೆಸಿದ ಪದ್ಧತಿಯದು. ಕೇಳೋಕೆ ಕ್ರೂರವಾಗಿದೆ. ತಪ್ಪಿಸಿಕೊಂಡು ಓಡುತ್ತಿರುವ ಆ ನೆನಪನ್ನೇ ಕಣ್ಣು ಮುಚ್ಚಿ, ಈಗ ನಡೆಯುತ್ತಿರುವಂತೆ, ಮೊದಲಿನಿಂದ ಕೊನೆವರೆಗೆ ಹೇಳಬೇಕು. ಮತ್ತೆ ಹೇಳಬೇಕು. ಅದನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ದಿನವೂ ಕೇಳಬೇಕು. ಸಾಮಾನ್ಯವಾಗಿ ಎಂಟರಿಂದ ಹದಿನೈದು ಭೇಟಿ, ಒಂದೊಂದು ಸುಮಾರು ಒಂದೂವರೆ ಗಂಟೆ. ಓಡಿದಷ್ಟೂ ಅದು ಅಟ್ಟಿಸಿಕೊಂಡು ಬರುತ್ತೆ, ಎದುರು ಕೂತರೆ ನಿಧಾನಕ್ಕೆ ಹಳೆಯ ನೆನಪಾಗುತ್ತೆ, ಇದು ಅದರ ಲೆಕ್ಕ. ಜೊತೆಗೆ ಮನೆಪಾಠ: ಬಿಲ್ಲಿಂಗ್ ಸಾಲಿನಲ್ಲಿ ನಿಲ್ಲುವುದು, ಬಾಗಿಲಿಗೆ ಬೆನ್ನು ಹಾಕಿ ಕೂರುವುದು. ಮೊದಲ ಮೂರು ವಾರ ಅಣ್ಣ ಮುಂಚೆಗಿಂತ ಕೆಟ್ಟುಹೋದ. ಹೀಗಾಗುತ್ತೆ, ಬಿಡಬೇಡಿ ಅಂತ ಥೆರಪಿಸ್ಟ್ ಮೊದಲೇ ಹೇಳಿದ್ದಕ್ಕೆ ನಾವು ತಡೆದುಕೊಂಡೆವು. ಎಲ್ಲರಿಗೂ ಇದೇ ಒಗ್ಗುತ್ತೆ ಅಂತ ಅಲ್ಲ. ಅರ್ಧಕ್ಕೆ ಬಿಡುವವರು ಬಹಳ. ಬೇರೆ ಪದ್ಧತಿಗಳಿವೆ, ಮಾತ್ರೆಗಳೂ ಇವೆ.

ಹುಡುಗಿ ಈಗಲೂ ಕನಸಿಗೆ ಬರುತ್ತಾಳಂತೆ, ತಿಂಗಳಿಗೆ ಒಂದೆರಡು ಸಲ. ಕೆಲವು ಸಲ ಕಾರು ನಿಲ್ಲುತ್ತದಂತೆ.

ಇದನ್ನು ಹಾಕುವ ಮುಂಚೆ ಅಣ್ಣನಿಗೆ ಓದೋಕೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಚೆಕ್‌ಪೋಸ್ಟ್ ಬಗ್ಗೆ ಏನೂ ಹೇಳಲಿಲ್ಲ. ರಾತ್ರಿ ಬಾಗಿಲು ನೋಡುವುದು ಮೂರು ಸುತ್ತಲ್ಲ, ಎರಡೇ, ತಿದ್ದು ಅಂದ. ನಾನು ಕಂಡದ್ದು ಮೂರು ಅಂದೆ. "ಮೂರನೇದು ನೀನು ಎದ್ದಿದ್ದೆ ಅಂತ" ಅಂದ.